ಬಾಗಿಲ ಮೇಲಿನ ಅಕ್ಷರ

ಜಯನಗರ ನಾಲ್ಕನೇ ಬ್ಲಾಕ್
೧೪ ಜೂನ್ ೧೯೮೩

ಕಾತ್ಯಾಯಿನಿ,

ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಬರೆದು ಹೊಡೆದು ಹಾಕಿದ್ದೇನೆ. ಕಾಣಿಸಿದರೆ ಕಾಣಿಸಲಿ. ನಾವು ಮಾತು ಬಿಟ್ಟು ಹತ್ತಿರ ಹತ್ತಿರ ಒಂದು ವರ್ಷವಾಯಿತು. ಎದುರಿಗೆ ಬಂದರೆ ನಿನ್ನ ಜುಟ್ಟು ಹಿಡಿದುಬಿಡುತ್ತೇನೆ ಎನ್ನುವ ಭಯಕ್ಕೆ ಕಾಗದ ಬರೆಯುತ್ತಿದ್ದೇನೆ.

ಭಾನುವಾರ ನೀನು ಮಾಡಿದ್ದು ಸರಿಯೇನೆ? ‘ಇಂದಿನ ಸ್ತ್ರೀವಾದ: ನ್ಯಾಯವಾದ ಟೀಕೆಗಳು’ ಎಂದು ಚರ್ಚೆ ಇಟ್ಟುಕೊಂಡಾಗ ಯಾರೋ ರಿಟೈರ್ ಆದ ಮಹನೀಯರು ಬಂದು ‘ನಮ್ಮಜ್ಜಿಗೆ ಏನು ಕಡಿಮೆಯಾಗಿತ್ತು’ ಎನ್ನುತ್ತಾರೆ, ಚೆನ್ನಾಗಿ ಕೊಡೋಣ ಎಂದು ಸಿದ್ಧಳಾಗಿ ಬಂದಿದ್ದೆ. ವೇದಿಕೆ ಹತ್ತಿದವಳು ನೀನು! ನಮ್ಮ ಮಹಿಳಾ ಬಳಗವನ್ನು ನನ್ನ ಜೊತೆ ನಿಂತು ಕಟ್ಟಿದವಳು. ‘ಇವರಿಗೆ ಹೆಂಗಸನ್ನು ಮನೆಯಿಂದ ಹೊರಗೆ ಕರೆಯುವುದು ಗೊತ್ತು, ಹೊರಗೆ ಬಂದವಳನ್ನು ಎಲ್ಲಿ ಕೂರಿಸಬೇಕೆಂದು ಗೊತ್ತಿಲ್ಲ’ ಎಂದೆಯಲ್ಲ, ಚಪ್ಪಾಳೆ ತಟ್ಟಿದವರು ಯಾರೆಂದು ನೋಡಿದೆಯಾ? ಮಗಳನ್ನು ಕಾಲೇಜು ಬಿಡಿಸಿದವರು, ಸೊಸೆಯನ್ನು ತವರಿಗೆ ಅಟ್ಟಿದವರು, ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತವರು. ನನ್ನ ಗಂಡ ರಾಮಪ್ರಸಾದನೂ ತಟ್ಟಿದ. ಮನೆಗೆ ಬಂದು ‘ಪಾಯಿಂಟ್ ಇತ್ತು ಕಣೆ’ ಅಂದ. ಎರಡು ದಿನದಿಂದ ಅವನಿಗೆ ತಣ್ಣಗಿನ ಸಾರು ಬಡಿಸುತ್ತಿದ್ದೇನೆ.

ಅದೆಲ್ಲ ಹೋಗಲಿ. ಹೆಸರು ಹೇಳದೆ ಸಪ್ಪಲಮ್ಮನ ವಿಷಯ ಎತ್ತಿದೆ. ‘ಒಬ್ಬಳು ಬಾಗಿಲಿಗೆ ಬಂದಳು, ಬಾಗಿಲಿಗೆ ಬೀಗವಿತ್ತು’ ಎಂದೆ. ಸಭೆಗೆ ಅರ್ಥವಾಗಲಿಲ್ಲ, ನನಗೆ ಆಯಿತು. ಗಂಡನ ಏಟು ತಿಂದು ಬಂದ ಅವಳನ್ನು ಜರಗನಹಳ್ಳಿಯ ನಮ್ಮ ಬಾಡಿಗೆ ಕೋಣೆಗೆ ಕರೆತಂದವಳು ನಾನು. ಮಗನನ್ನು ನೋಡಬೇಕೆಂದು ವಾಪಸ್ ಹೋದದ್ದು ಅವಳಿಷ್ಟ. ಅವಳು ತಿರುಗಿ ಬಂದ ಸಂಜೆ ನಾವೆಲ್ಲ, ಕೋಣೆಯಲ್ಲಿದ್ದವರೂ ಸೇರಿ, ಟೌನ್ ಹಾಲಿನ ಮುಂದೆ ಮೆರವಣಿಗೆಯಲ್ಲಿದ್ದೆವು. ಕೀಲಿ ನನ್ನ ಚೀಲದಲ್ಲಿತ್ತು. ನಿಜ. ಆದರೆ ಬ್ಯಾನರಿನ ಇನ್ನೊಂದು ತುದಿ ಹಿಡಿದವಳು ನೀನಲ್ಲವೇನೆ? ಕೋಣೆಯ ಒಡತಿ ರುದ್ರಮ್ಮ ಹಾಲು ಹಾಕಿ ಬರುವಷ್ಟರಲ್ಲಿ ಅವಳು ಜಗಲಿಯಿಂದ ಎದ್ದು ಹೊರಟಿದ್ದಳು. ಬೆನ್ನಷ್ಟೇ ಕಂಡಿತಂತೆ. ಮಾರನೆಯ ದಿನ ಕೆರೆಯಲ್ಲಿ ಸಿಕ್ಕಳು. ಅಂಥವಳನ್ನು ನೀನು ವಾದದ ಒಂದು ಪಾಯಿಂಟ್ ಮಾಡಿಕೊಂಡೆ. ನನಗೆ ಹೊಟ್ಟೆ ಉರಿದದ್ದು ಅದಕ್ಕೆ.

ಉತ್ತರ ಬರೆಯದಿದ್ದರೂ ನಡೆಯುತ್ತದೆ.

ಚೂಡಾಮಣಿ


ಬನಶಂಕರಿ ಎರಡನೇ ಹಂತ
೨೬ ಜೂನ್ ೧೯೮೩

ಚೂಡಾಮಣಿ,

ನೀನು ಹೊಡೆದು ಹಾಕಿದ್ದನ್ನು ಬೆಳಕಿಗೆ ಹಿಡಿದು ಓದಿಕೊಂಡೆ. ಸಿಟ್ಟಿನಲ್ಲೂ ನಿನ್ನ ಅಕ್ಷರ ಕರಿಹಲಗೆಯ ಮೇಲಿನ ಹಾಗೇ ದುಂಡಗಿದೆ.

ಚಪ್ಪಾಳೆಯ ವಿಷಯ ನಿಜ. ಆ ಸದ್ದು ಕೇಳಿ ನನಗೂ ಮೈ ಮುಳ್ಳೆದ್ದಿತು. ಆದರೆ ಅವರು ತಟ್ಟುತ್ತಾರೆಂದು ನಾನು ಬಾಯಿ ಮುಚ್ಚಿಕೊಂಡಿರಬೇಕೆ? ಬಳಗದ ಒಳಗೇ ಹೇಳಲು ಎಷ್ಟು ಸಲ ಎದ್ದು ನಿಂತೆ. ‘ಇದು ಇವತ್ತಿನ ಅಜೆಂಡಾದಲ್ಲಿಲ್ಲ ಕಾತ್ಯಾಯಿನಿ’ ಎಂದು ಕೂರಿಸಿದವಳು ನೀನೇ.

ನಿಮ್ಮ ಮನೆಯ ಅಡುಗೆಯ ಪಾರ್ವತಮ್ಮ ಪ್ರತಿ ಸಭೆಗೂ ಕಾಫಿ ತಂದುಕೊಟ್ಟು ಬಾಗಿಲ ಸಂದಿಯಲ್ಲಿ ನಿಲ್ಲುತ್ತಿದ್ದರು. ಮನೆಗೆಲಸಕ್ಕೂ ಬೆಲೆಯಿದೆ ಎಂದು ನಾವು ನಿರ್ಣಯ ಬರೆದ ದಿನವೂ ನಿಂತೇ ಇದ್ದರು. ಕೂತುಕೊಳ್ಳಿ ಎಂದು ನೀನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮ ಕರಪತ್ರದಲ್ಲಿ ಅತ್ತೆಗೆ ಕೋರೆಹಲ್ಲು ಬರೆಸಿದೆವು. ನಮ್ಮತ್ತೆ ಮೀನಾಕ್ಷಮ್ಮ ಕನ್ನಡಕ ಹಾಕಿಕೊಂಡು ಅದನ್ನು ನೋಡಿ, ‘ನನ್ನ ಥರಾನೇ ಇದಾಳೇನೆ?’ ಎಂದು ನಕ್ಕರು. ನನ್ನ ಗಂಡ ಹೋದ ಮೇಲೆ ‘ತಲೆ ಬಗ್ಗಿಸಿ ಕೂರಬೇಡ, ಬಿ.ಎಡ್. ಓದು’ ಎಂದು ನನ್ನನ್ನು ಬಸ್ ಹತ್ತಿಸಿದವರು ಅವರು. ಆ ನಗು ನೋಡಿ ನನಗೆ ನೆಲ ಬಾಯ್ಬಿಡಬಾರದೆ ಅನ್ನಿಸಿತು.

ಇನ್ನು ಸೀರೆ. ಸಗಟಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೋಣೆಗೆ ಬಂದವರಿಗೆಲ್ಲ ಒಂದೇ ತೆರನ ನೀಲಿ ಸೀರೆ, ಹಳದಿ ಅಂಚು. ಸಪ್ಪಲಮ್ಮ ‘ನಂಗೆ ಹಸ್ರು ಆಯ್ತದೆ ಅಮ್ಮೋರೆ, ನೀಲಿ ಆಗಾಕಿಲ್ಲ’ ಅಂದಿದ್ದಳು. ಬಣ್ಣದಲ್ಲೇನಿದೆ ಎಂದು ನಕ್ಕೆವು. ಹೆಂಗಸಿಗೆ ತನ್ನದೊಂದು ಇಷ್ಟ ಇರಬೇಕೆಂದು ಭಾಷಣ ಮಾಡುವ ನಾವು, ನಮ್ಮ ಇಷ್ಟಕ್ಕೆ ಹೊಂದದ ಅವಳ ಇಷ್ಟ ಬಂದಾಗ ಕಿವುಡರಾಗುತ್ತೇವೆ. ನಾನು ಹೇಳಿದ್ದು ಇಷ್ಟೇ.

ಅವಳನ್ನು ಪಾಯಿಂಟ್ ಮಾಡಿಕೊಂಡೆ ಎಂದಿದ್ದೀಯ. ತಲಘಟ್ಟಪುರದ ನನ್ನ ಶಾಲೆಗೆ ದಿನಾ ಕನಕಪುರ ರಸ್ತೆಯ ಬಸ್ಸು. ಜರಗನಹಳ್ಳಿ ಸ್ಟಾಪಿನಲ್ಲಿ ನಿಂತರೆ ನಮ್ಮ ಕೋಣೆಯ ಬಾಗಿಲು ನೆಟ್ಟಗೆ ಕಾಣುತ್ತದೆ. ಒಂದು ವರ್ಷದಿಂದ ಆ ಕಡೆಯ ಕಿಟಕಿಯಲ್ಲಿ ನಾನು ಕೂತಿಲ್ಲ. ಇದು ವಾದಕ್ಕಲ್ಲ, ನಿನಗೆ ಗೊತ್ತಿರಲಿ ಎಂದು ಬರೆದೆ.

ಕಾತ್ಯಾಯಿನಿ


ಜಯನಗರ
೨೦ ಜುಲೈ ೧೯೮೩

ಕಾತ್ಯಾಯಿನಿ,

ಮೊನ್ನೆ ಸಭೆಯಲ್ಲಿ ಪಾರ್ವತಮ್ಮನಿಗೆ ‘ಕೂತ್ಕೊಳ್ಳಿ’ ಅಂದೆ. ‘ನಾನು ಕೂತ್ರೆ ಹಾಲು ಉಕ್ಕತ್ತೆ ಕಣಮ್ಮ’ ಎಂದು ಒಳಗೆ ಹೋದರು. ನೋಡಿದೆಯಾ, ಕಾಗದದಲ್ಲಿ ಬರೆದಷ್ಟು ಸುಲಭವಲ್ಲ.

ಅತ್ತೆಯ ಚಿತ್ರ ತಪ್ಪು, ಒಪ್ಪಿದೆ. ಸೀರೆಯನ್ನೂ ಒಪ್ಪಿದೆ. ಆದರೆ ಗಂಡ ಸಪ್ಪಲಮ್ಮನ ಕೈ ಸುಟ್ಟಾಗ ಸ್ಟೇಷನ್ನಿನಲ್ಲಿ ‘ಸಾಹೇಬ್ರಿಲ್ಲ, ನಾಳೆ ಬನ್ನಿ’ ಎಂದು ಅಲೆದಾಡಿಸಿದ್ದು ಮರೆತೆಯಾ? ನಾವಷ್ಟೂ ಜನ ಹೋಗಿ ಮೆಟ್ಟಿಲ ಮೇಲೆ ಕೂತ ಮೇಲೆ ತಾನೆ ಕಂಪ್ಲೇಂಟ್ ಬರೆದುಕೊಂಡದ್ದು? ಭಾನುವಾರ ಚಪ್ಪಾಳೆ ತಟ್ಟಿದವರಲ್ಲಿ ಒಬ್ಬರೂ ಆ ಮೆಟ್ಟಿಲ ಮೇಲೆ ಕಾಣಲಿಲ್ಲ. ನಾವು ವಕ್ರವಾಗಿಯೇ ಮಾಡಿದೆವು, ಆದರೆ ಮಾಡಿದವರು ನಾವೊಬ್ಬರೇ ಕಣೆ.

ಹೊಸ ನಿಯಮದ ಬಗ್ಗೆ ನಿನಗೆ ಯಾರೋ ಹೇಳಿರಬೇಕು. ಕೋಣೆ ಬಿಟ್ಟು ಗಂಡನ ಮನೆಗೆ ಹೋದವಳಿಗೆ ಮತ್ತೆ ಜಾಗವಿಲ್ಲ. ಕಲ್ಲೆದೆಯವರು ಎಂದು ಬೈಯುತ್ತೀಯ. ಒಬ್ಬಳು ಹೋಗಿ ವಿಳಾಸ ಬಾಯಿಬಿಟ್ಟಳು, ಅವಳ ಗಂಡ ನಾಲ್ಕು ಜನರನ್ನು ಕಟ್ಟಿಕೊಂಡು ಬಂದು ಕಿಟಕಿ ಒಡೆದ. ಒಳಗೆ ಇನ್ನಿಬ್ಬರು ಮೂಲೆಯಲ್ಲಿ ನಡುಗುತ್ತಿದ್ದರು. ಅವರಿಗೆ ಉತ್ತರ ಹೇಳಬೇಕಾದವಳು ನಾನು. ಸಪ್ಪಲಮ್ಮನೂ ವಾಪಸ್ ಹೋಗದಿದ್ದರೆ ಉಳಿಯುತ್ತಿದ್ದಳು ಎಂದೇ ನನಗೆ ಅನಿಸುತ್ತದೆ.

ಈಗ ಕೋಣೆಯಲ್ಲಿ ಮಾರಮ್ಮ ಎಂಬುವಳಿದ್ದಾಳೆ. ಅರೆಕೆರೆಯವಳು, ಗಂಡ ಯಲ್ಲಯ್ಯ ಕುಡಿದು ಹೊಡೆಯುತ್ತಾನೆ. ಎಷ್ಟು ಚುರುಕು ಅಂತೀಯ! ನಾನೇ ಸಂಜೆ ಪಾಠ ಹೇಳುತ್ತೇನೆ. ಸ್ಲೇಟು ಬಿಟ್ಟು ಏಳುವುದೇ ಇಲ್ಲ. ಬಸ್ಸಿನ ಬೋರ್ಡು, ಸೋಪಿನ ಕಾಗದ, ಕಡ್ಡಿಪೆಟ್ಟಿಗೆ, ಕಂಡಿದ್ದನ್ನೆಲ್ಲ ಬೆರಳಿಟ್ಟು ಓದುತ್ತಾಳೆ. ಇಷ್ಟು ಚೆನ್ನಾಗಿದ್ದವಳು ಈಗ ‘ಮಗೀನ ಮೊಕ ನೋಡ್ಬೇಕು, ಗೌರಿ ಹಬ್ಬಕ್ಕೆ ಹೋಯ್ತೀನಿ’ ಎಂದು ಹಟ ಹಿಡಿದಿದ್ದಾಳೆ. ಮೂರು ವರ್ಷದ ಮಗಳು ಆ ಯಲ್ಲಯ್ಯನ ಹತ್ತಿರವೇ ಇದೆ.

ಇನ್ನೊಂದು ವಿಷಯ ಬರೆಯಲೋ ಬೇಡವೋ. ದೀಪ ಹಚ್ಚುವ ಹೊತ್ತಿಗೆ ಕೋಣೆಯ ಬಾಗಿಲು ತಟ್ಟಿದ ಸದ್ದಾಗುತ್ತದಂತೆ. ತೆರೆದರೆ ಯಾರೂ ಇಲ್ಲ. ರುದ್ರಮ್ಮ ‘ಅವ್ಳೇ ಬತ್ತಾವ್ಳೆ’ ಎನ್ನುತ್ತಾಳೆ. ಮಳೆಗೆ ಮರ ಉಬ್ಬಿದೆ, ಕೀಲು ಸಡಿಲವಾಗಿದೆ ಎಂದು ಹೇಳಿದ್ದೇನೆ. ಬಡಗಿಯನ್ನು ಕರೆಸಿ ತೋರಿಸಿದ್ದೂ ಆಯಿತು.

ಚೂಡಾಮಣಿ


ಬನಶಂಕರಿ ಎರಡನೇ ಹಂತ
೭ ಆಗಸ್ಟ್ ೧೯೮೩

ಚೂಡಿ,

ಈ ಹೆಸರು ಕೈ ತಪ್ಪಿ ಬಂತು, ಇರಲಿ.

ಮೆಟ್ಟಿಲ ಮೇಲೆ ಕೂತದ್ದನ್ನು ಮರೆತಿಲ್ಲ. ಆ ದಿನ ನಿನ್ನ ಪಕ್ಕದಲ್ಲಿ ಕೂತದ್ದು ನನ್ನ ಬದುಕಿನ ಒಳ್ಳೆಯ ದಿನಗಳಲ್ಲೊಂದು. ಅದಕ್ಕೇ ಇಷ್ಟು ಕೋಪ. ಬೇರೆಯವರ ಸಂಘವಾಗಿದ್ದರೆ ನನಗೇನಾಗಬೇಕಿತ್ತು?

ಮಾರಮ್ಮನನ್ನು ಕಳಿಸು. ಅವಳು ಗಂಡನ ಕಾಲಿಗೆ ಬೀಳಲು ಹೋಗುತ್ತಿಲ್ಲ, ಮಗುವಿಗಾಗಿ ಹೋಗುತ್ತಿದ್ದಾಳೆ. ಹೋಗಬೇಡ ಎಂದು ಗಂಡ ಕಾಲು ಮುರಿಯುತ್ತಾನೆ. ಹೋದರೆ ಬರಬೇಡ ಎಂದು ನಾವು ಬಾಗಿಲು ಹಾಕುತ್ತೇವೆ. ಅವಳ ಕಣ್ಣಿಗೆ ವ್ಯತ್ಯಾಸ ಎಷ್ಟು ಕಾಣುತ್ತದೆ, ಯೋಚನೆ ಮಾಡು. ಸಪ್ಪಲಮ್ಮ ಸತ್ತದ್ದು ವಾಪಸ್ ಹೋದದ್ದಕ್ಕಲ್ಲ ಚೂಡಿ. ತಿರುಗಿ ಬಂದಾಗ ಯಾರೂ ಇರಲಿಲ್ಲವಲ್ಲ, ಅದಕ್ಕೆ. ಉಳಿದವರ ಭಯ ನಿಜ. ಅದಕ್ಕೆ ಕಿಟಕಿಗೆ ಸರಳು ಹಾಕಿಸು, ಕೋಣೆ ಬದಲಿಸು, ಏನಾದರೂ ಮಾಡು. ಬರುವವಳಿಗೆ ಮಾತ್ರ ಬಾಗಿಲು ಇರಲಿ.

ಮಗಳನ್ನು ಕಟ್ಟಿಕೊಂಡೇ ಬರುತ್ತಾಳೆ, ನೋಡುತ್ತಿರು.

ತಟ್ಟಿದ ಸದ್ದಿನ ಬಗ್ಗೆ ನಾನೇನೂ ಹೇಳುವುದಿಲ್ಲ. ನಿನ್ನ ಬಡಗಿ ಸರಿಯಾಗಿ ನೋಡಿದ್ದಾನೆಯೇ?

ಕಾತ್ಯಾಯಿನಿ


ಜಯನಗರ
೧೮ ಸೆಪ್ಟೆಂಬರ್ ೧೯೮೩

ಕಾತ್ಯಾ,

ಮಾರಮ್ಮ ಗೌರಿ ಹಬ್ಬದ ಹಿಂದಿನ ದಿನ ಹೋದಳು. ಸಭೆಯಲ್ಲಿ ನಿಯಮ ಓದಿ ಹೇಳಿದೆ, ಅವಳು ತಲೆಯಾಡಿಸಿದಳು. ಆಮೇಲೆ ಬಸ್ ಸ್ಟಾಪಿನವರೆಗೂ ಜೊತೆಗೆ ಹೋದವಳು, ಬಸ್ಸು ಬಂದು ನಿಂತಾಗ ಅವಳ ಕಿವಿಯಲ್ಲಿ ‘ಯಾವತ್ತು ಬೇಕಾದರೂ ಬಾ, ನಾನಿದೀನಿ’ ಅಂದುಬಿಟ್ಟೆ. ನಿನಗೆ ಹೇಳಬಾರದು ಎಂದಿದ್ದೆ. ಗೆದ್ದೆ ಎಂದು ಕುಣಿಯಬೇಡ. ಬಳಗದವರಿಗೆ ಇನ್ನೂ ಗೊತ್ತಿಲ್ಲ.

ಅವಳು ಹೋದ ಮೇಲೆ ಆ ಸದ್ದು ಜಾಸ್ತಿಯಾಗಿದೆ. ಉಳಿದ ಇಬ್ಬರು ಹೆಂಗಸರು ದೀಪ ಹಚ್ಚುವ ಹೊತ್ತಿಗೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಕೂರುತ್ತಾರೆ. ಒಬ್ಬಳಂತೂ ‘ಏಟು ತಿಂದ್ರೂ ಸೈ, ಗಂಡನ ಮನೇಗೇ ಹೋಯ್ತೀನಿ’ ಎಂದು ಗಂಟು ಕಟ್ಟಿದಳು. ನಾನೇನು ಮಾಡಲಿ ಹೇಳು. ವಿಜ್ಞಾನ ಹೇಳಿದೆ, ಬೈದೆ, ಒಂದು ಸಂಜೆ ನಾನೇ ಜೊತೆಗೆ ಕೂತೆ. ಕೊನೆಗೆ ರುದ್ರಮ್ಮ ತಮ್ಮ ಕಡೆಯ ಪದ್ಧತಿ ಹೇಳಿದಳು. ಸತ್ತವಳು ಬಾಗಿಲಿಗೆ ಬರುತ್ತಿದ್ದರೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯಬೇಕಂತೆ. ದೆವ್ವ ಅದನ್ನು ನೋಡಿ ಹೋಗುತ್ತದೆ, ಮಾರನೆಯ ದಿನ ಬಂದರೂ ಅದೇ ಇರುತ್ತದೆ, ಮತ್ತೆ ಹೋಗುತ್ತದೆ. ರುದ್ರಮ್ಮನಿಗೆ ಬರೆಯಲು ಬಾರದು. ಆ ಇಬ್ಬರು ಬಾಗಿಲ ಹತ್ತಿರವೂ ಬರಲೊಲ್ಲರು.

ನಗಬೇಡ. ನಾನೇ ಬರೆದೆ. ಸುಣ್ಣದಲ್ಲಿ, ದೊಡ್ಡದಾಗಿ, ದುಂಡಗೆ. ಇತಿಹಾಸದ ಅಧ್ಯಾಪಕಿ, ಬಳಗದ ಸಂಚಾಲಕಿ, ದೆವ್ವಕ್ಕೆ ನೋಟೀಸು ಅಂಟಿಸಿದಳು ಎಂದು ಬೇಕಾದರೆ ಮುಂದಿನ ಚರ್ಚೆಯಲ್ಲಿ ಹೇಳು. ಆದರೆ ಆ ರಾತ್ರಿ ಇಬ್ಬರೂ ಹೊಟ್ಟೆ ತುಂಬ ಉಂಡು ಮಲಗಿದರಂತೆ. ಗಂಟು ಕಟ್ಟಿದ್ದವಳು ಬಿಚ್ಚಿದಳು.

ಚೂಡಿ


ಬನಶಂಕರಿ ಎರಡನೇ ಹಂತ
೨೯ ಸೆಪ್ಟೆಂಬರ್ ೧೯೮೩

ಚೂಡಿ,

ನಗಲಿಲ್ಲ. ನಗುವ ಸ್ಥಿತಿಯಲ್ಲಿ ನಾನಿಲ್ಲ.

ನಿನ್ನೆ ಬುಧವಾರ ಶಾಲೆಯಲ್ಲಿ ತಡವಾಯಿತು. ಬಸ್ಸು ಕಿಕ್ಕಿರಿದಿತ್ತು. ಖಾಲಿ ಇದ್ದದ್ದು ಆ ಕಡೆಯ ಕಿಟಕಿಯ ಒಂದೇ ಸೀಟು. ಕೂತೆ. ಜರಗನಹಳ್ಳಿ ಬಂದಾಗ ಕಣ್ಣು ಮುಚ್ಚಬೇಕೆಂದುಕೊಂಡಿದ್ದೆ, ಮುಚ್ಚಲಾಗಲಿಲ್ಲ. ನಿನ್ನ ‘ನಾಳೆ ಬಾ’ ರಸ್ತೆ ಆಚೆಯಿಂದಲೇ ಓದುವಷ್ಟು ದೊಡ್ಡದಾಗಿತ್ತು. ಅದರ ಮುಂದೆ ಅವಳು ನಿಂತಿದ್ದಳು.

ಸಪ್ಪಲಮ್ಮ ಕಣೆ. ಅದೇ ನೀಲಿ ಸೀರೆ, ಹಳದಿ ಅಂಚು, ತಲೆಯ ಮೇಲೆ ಸೆರಗು. ನಮ್ಮ ಕಡೆಗೆ ಬೆನ್ನು. ಕೈ ಎತ್ತಿದಳು, ಬೆರಳನ್ನು ಆ ಅಕ್ಷರಗಳ ಕೆಳಗೆ ನಿಧಾನವಾಗಿ ಎಳೆದಳು. ಅಷ್ಟರಲ್ಲಿ ಒಬ್ಬರು ಮುದುಕರು ಇಳಿಯಲು ಅಡ್ಡ ಬಂದರು. ಮತ್ತೆ ನೋಡಿದಾಗ ಅವಳು ಕೈ ಇಳಿಸಿ, ಗೋಡೆ ಹಿಡಿದುಕೊಂಡು ಮೂಲೆ ತಿರುಗುತ್ತಿದ್ದಳು. ಕಂಡಕ್ಟರ್ ‘ಇಳೀತೀರಾ ಮೇಡಂ?’ ಅಂದ. ಇಲ್ಲ ಎಂದು ತಲೆಯಾಡಿಸಿದೆ.

ಮನೆಗೆ ಬಂದು ಅತ್ತೆಯ ಕಾಲ ಬಳಿ ಕೂತು ಅತ್ತುಬಿಟ್ಟೆ. ಏನಾಯಿತೆಂದು ಅವರು ಕೇಳಲಿಲ್ಲ. ಕುಂಕುಮ ನಿವಾಳಿಸಿ ಹಾಕಿದರು. ನಾನು ಬೇಡ ಎನ್ನಲಿಲ್ಲ.

ಹಾಗಾದರೆ ಅವಳು ಬರುತ್ತಿರುವುದು ನಿಜ. ನಾವು ಇನ್ನೂ ನಾಳೆ ಬಾ ಎನ್ನುತ್ತಿದ್ದೇವೆ.

ಕಾತ್ಯಾ


ಜಯನಗರ
೩ ಅಕ್ಟೋಬರ್ ೧೯೮೩

ಕಾತ್ಯಾ,

ನೀನೂ ಹೀಗೆ ಶುರು ಮಾಡಿದರೆ ನಾನು ಯಾರ ಹತ್ತಿರ ಹೋಗಲಿ? ಸಂಜೆಗತ್ತಲು, ಹಸಿದ ಹೊಟ್ಟೆ, ಒಂದು ವರ್ಷದ ಸಂಕಟ. ಯಾರಾದರೂ ದಾರಿಹೋಕರು ನಿಂತಿರಬೇಕು ಎಂದು ಬರೆದು ಮುಗಿಸಬೇಕೆಂದಿದ್ದೆ.

ಆದರೆ ಮಂಗಳವಾರವೂ ಬುಧವಾರವೂ ನಾನು ಕೋಣೆಯ ಒಳಗೇ ಇದ್ದೆ. ಪಾಠ ನಡೆಯುತ್ತಿತ್ತು. ಎರಡು ದಿನವೂ ತಟ್ಟಿದ ಸದ್ದು ಸ್ಪಷ್ಟವಾಗಿ ಕೇಳಿತು. ಗಾಳಿಯಲ್ಲ, ಕೀಲೂ ಅಲ್ಲ. ಬುಧವಾರ ಎದ್ದು ಹೋಗಿ ಚಿಲಕದ ಮೇಲೆ ಕೈಯಿಟ್ಟೆ. ಹಿಂದಿನಿಂದ ಇಬ್ಬರೂ ‘ಬ್ಯಾಡಿ ಅಮ್ಮೋರೆ, ಬ್ಯಾಡಿ’ ಎಂದು ಅಳುತ್ತಿದ್ದರು. ತೆರೆದರೆ ದೆವ್ವ ಇದೆ ಎಂದು ಒಪ್ಪಿಕೊಂಡ ಹಾಗಾಗುತ್ತದೆ ಎನ್ನಿಸಿತು. ‘ಏನೂ ಇಲ್ಲ, ಮುಂದಿನ ಸಾಲು ಓದಿ’ ಎಂದು ಬಂದು ಕೂತೆ.

ಅವಳು ನಿಂತದ್ದನ್ನು ನೀನು ಹೊರಗಿನಿಂದ ನೋಡುತ್ತಿದ್ದಾಗ ನಾನು ಬಾಗಿಲಿನ ಈಚೆಗಿದ್ದೆನೇ? ಯೋಚಿಸಿದರೆ ಊಟ ಸೇರುತ್ತಿಲ್ಲ. ಬೇಗ ಬರಿ.

ಚೂಡಿ


೫ ಅಕ್ಟೋಬರ್, ಬೆಳಗ್ಗೆ

ಚೂಡಿ,

ಅಂಚೆಗೆ ಕಾಯದೆ ಪಕ್ಕದ ಮನೆಯವರ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿನ್ನೆ ಶಾಲೆಯಲ್ಲಿ ಒಂದನೇ ತರಗತಿಯ ಮಕ್ಕಳು ಬೆರಳಿಟ್ಟು ಓದುತ್ತಿದ್ದವು. ಅದನ್ನು ನೋಡುತ್ತಾ ನಿಂತವಳಿಗೆ ಹೊಳೆಯಿತು. ಸಪ್ಪಲಮ್ಮನಿಗೆ ಓದಲು ಬರುತ್ತಿರಲಿಲ್ಲ. ಸ್ಟೇಷನ್ನಿನಲ್ಲಿ ಹೆಬ್ಬೆಟ್ಟು ಒತ್ತಿದವಳು ಅವಳು. ಅಕ್ಷರದ ಕೆಳಗೆ ಬೆರಳು ಎಳೆಯುವುದು ಯಾರು ಎಂದು ನೀನೇ ಬರೆದಿದ್ದೀಯ.

ಅವಳಿಗೂ ನಾವು ಅದೇ ನೀಲಿ ಸೀರೆ ಕೊಟ್ಟಿದ್ದೆವಲ್ಲವೇನೆ?

ಅದು ಮಾರಮ್ಮ. ಬದುಕಿದ್ದವಳು. ನಾನು ಬಸ್ಸಿನಿಂದ ಇಳಿಯಲಿಲ್ಲ. ಈಗಲೇ ಹೋಗು.

ಕಾತ್ಯಾ


ಜಯನಗರ
೨೦ ಅಕ್ಟೋಬರ್ ೧೯೮೩

ಕಾತ್ಯಾ,

ಅವತ್ತು ಕಾಲೇಜಿಗೆ ರಜೆ ಹಾಕಿ ರುದ್ರಮ್ಮನನ್ನು ಕರೆದುಕೊಂಡು ಅರೆಕೆರೆಗೆ ಓಡಿದೆ. ಯಲ್ಲಯ್ಯ ಜಗಲಿಯ ಮೇಲೆ ಕೂತಿದ್ದ, ಕುಡಿದಿರಲಿಲ್ಲ. ನನ್ನನ್ನು ನೋಡಿ ಎದ್ದು ನಿಂತ. ‘ಮಗೀನ ಎತ್ಕಂಡು ನಿಮ್ ತಾವ್ಕೇ ವೋಯ್ತೀನಿ ಅಂತ ವೋದ್ಲು. ನೀವೇ ಮಡಿಕ್ಕೊಂಡಿದೀರಿ ಅಂದ್ಕಂಡಿದ್ದೆ ಕಣಮ್ಮಾ’ ಅಂದ. ಪಕ್ಕದ ಮನೆಯವಳು ಬೇಲಿಯಾಚೆಯಿಂದ ಹೇಳಿದಳು, ಹೋಗುವ ದಿನ ಮಾರಮ್ಮನ ಎಡಗೈ ಮೇಲಕ್ಕೆ ಏಳುತ್ತಿರಲಿಲ್ಲವಂತೆ. ಬನಶಂಕರಿ ಗುಡಿ, ಆಸ್ಪತ್ರೆ, ಕೆರೆ ಏರಿ, ಎಲ್ಲ ಕಡೆ ಹೋದೆ. ಕೆರೆಯ ಹತ್ತಿರ ಹೋದಾಗ ರುದ್ರಮ್ಮ ನನ್ನ ಕೈ ಬಿಡಲಿಲ್ಲ. ನೀರಿನಲ್ಲಿ ಏನೂ ಇರಲಿಲ್ಲ. ಹಾಗೆಂದು ಧೈರ್ಯ ತಂದುಕೊಂಡಿದ್ದೇನೆ. ಸ್ಟೇಷನ್ನಿಗೂ ಹೋದೆ. ಏನು ಹೇಳಿದರು ಎಂದು ನೀನೇ ಊಹಿಸಬಲ್ಲೆ.

ಬಾಗಿಲನ್ನು ನಾನೇ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಹಳೆಯ ಮರ, ಸುಣ್ಣ ಕುಡಿದುಕೊಂಡುಬಿಟ್ಟಿದೆ. ಒಣಗಿದ ಮೇಲೆ ಮತ್ತೆ ಕಾಣುತ್ತದೆ. ಮೂರು ಸಲ ಉಜ್ಜಿದೆ. ಹಾಗೇ ಕೂತು ಅತ್ತುಬಿಟ್ಟೆ ಕಾತ್ಯಾ.

ಒಂದೇ ಒಂದು ಸಮಾಧಾನ ಉಳಿದಿದೆ, ಅದೂ ಹೊಲಸು ಸಮಾಧಾನ. ಆ ಎರಡು ಸಂಜೆ ತಟ್ಟಿದವಳು ಮಾರಮ್ಮ. ನೀನು ನೋಡಿದಾಗ ಕೈ ಎತ್ತಿದ್ದು ತಟ್ಟುವುದಕ್ಕೇ ಇರಬೇಕು. ಅಂದರೆ ದೆವ್ವವಿಲ್ಲ. ಅದಕ್ಕೂ ಮೊದಲು ಕೇಳಿದ್ದು ಮರ ಉಬ್ಬಿದ್ದೋ, ನಮ್ಮ ತಲೆ ಕೆಟ್ಟಿದ್ದೋ. ನಾನು ಹೇಳುತ್ತಿದ್ದದ್ದೇ ಸರಿಯಾಯಿತು. ಸರಿಯಾದದ್ದಕ್ಕೆ ಎಷ್ಟು ನಾಚಿಕೆಯಾಗುತ್ತಿದೆ ಎಂದರೆ, ಯಾರ ಮುಖವೂ ನೋಡಲಾರೆ.

ಚೂಡಿ


ಜರಗನಹಳ್ಳಿ, ಕೋಣೆಯಿಂದ
೬ ನವೆಂಬರ್ ೧೯೮೩

ಪ್ರೀತಿಯ ಚೂಡಿ,

ಹತ್ತು ದಿನದ ಹಿಂದೆ ಬಸ್ಸಿನಿಂದ ಇಳಿದೆ. ಆವತ್ತಿನಿಂದ ಶಾಲೆ ಮುಗಿಸಿ ದಿನಾ ಇಲ್ಲೇ ಇಳಿಯುತ್ತಿದ್ದೇನೆ. ನೀನು ಜ್ವರ ಎಂದು ಮಲಗಿದ್ದೀಯ, ಮಲಗಿರು. ಪಾಠ ನಾನು ನೋಡಿಕೊಳ್ಳುತ್ತೇನೆ.

ನೀನು ಒಳಗೆ ಜ್ವರದ ನಿದ್ದೆಯಲ್ಲಿದ್ದಾಗ ನಿಮ್ಮ ಹಜಾರದಲ್ಲಿ ನಡೆದ ಸಭೆಯ ಸುದ್ದಿ. ಆ ನಿಯಮ ಹೊಡೆದು ಹಾಕಿದೆವು. ಇಬ್ಬರು ಒಪ್ಪಲಿಲ್ಲ, ಕಿಟಕಿ ಒಡೆದದ್ದನ್ನು ಅವರು ಮರೆತಿಲ್ಲ, ಅವರದೂ ತಪ್ಪಲ್ಲ. ಸರಳು ಹಾಕಿಸಿಯಾಗಿದೆ. ಪಾರ್ವತಮ್ಮನನ್ನು ಕುರ್ಚಿಯ ಮೇಲೆ ಕೂರಿಸಿ ಕಾಫಿ ನಾವು ಮಾಡಿದೆವು. ಒಂದು ಗುಟುಕು ಕುಡಿದು ‘ಇದಕ್ಕಿಂತ ನಿಂತಿರೋದೇ ವಾಸಿ’ ಅಂದರು. ವರ್ಷದ ಮೇಲೆ ನಿಮ್ಮ ಮನೆಯಲ್ಲಿ ನಾನು ನಕ್ಕೆ, ನಕ್ಕದ್ದಕ್ಕೆ ಆಮೇಲೆ ಸಂಕಟವಾಯಿತು.

ನಾನು ಮಾಡಿದ ಟೀಕೆಗಳು ಈಗಲೂ ಸರಿಯೆಂದೇ ಅನಿಸುತ್ತದೆ. ಒಂದನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಅವಳು ಬಾಗಿಲಲ್ಲಿ ನಿಂತಾಗ ಒಳಗಿದ್ದ ನೀನು ತೆರೆಯಲಿಲ್ಲ, ಹೊರಗಿದ್ದ ನಾನು ಇಳಿಯಲಿಲ್ಲ. ಯಾರು ವಾದ ಗೆದ್ದರು ಎಂದು ಅವಳನ್ನು ಕೇಳಬೇಕು.

ಈಗ ದೀಪ ಹಚ್ಚುವ ಹೊತ್ತು. ಹಬ್ಬದ ಹಣತೆಗಳಲ್ಲಿ ಎರಡನ್ನು ರುದ್ರಮ್ಮ ಹೊಸಿಲಿನ ಮೇಲಿಟ್ಟಿದ್ದಾಳೆ. ಬಾಗಿಲು ಹಾರುಹೊಡೆದಿದೆ, ಸೊಳ್ಳೆ ಕಿತ್ತು ತಿನ್ನುತ್ತಿವೆ. ‘ಇಂಗೆ ತೆಗ್ದು ಮಡಗಿದ್ರೆ ಅವ್ಳೂ ಬತ್ತಾಳೆ ಕಣವ್ವ’ ಎಂದು ಗೊಣಗಿದಳು. ಬರಲಿ, ಇಬ್ಬರೂ ಬರಲಿ ಅಂದೆ. ಅವಳು ಒಳಗೆ ಹೋಗಿ ಇನ್ನೊಂದು ಚಾಪೆ ತಂದು ಹಾಸಿದಳು.

ನಿನ್ನ
ಕಾತ್ಯಾ


(ಪೋಸ್ಟ್ ಕಾರ್ಡು. ಪೆನ್ಸಿಲಿನಲ್ಲಿ, ದೊಡ್ಡ ಅಕ್ಷರಗಳಲ್ಲಿ)

೨೮ ನವೆಂಬರ್ ೧೯೮೩

ಚೂಡಾಮಣಿ ಅಮ್ಮೋರಿಗೆ ಮಾರಮ್ಮ ಮಾಡೋ ನಮಸ್ಕಾರ.

ಇದು ನಾನೇ ಬರ್ದಿರೋ ಮೊದಲ್ನೇ ಕಾಗದ. ತಪ್ಪಿದ್ರೆ ಬೈಬೇಡಿ. ನಾನು ನನ್ನ ಮಗಳು ಆನೇಕಲ್ ಕಡೆ ನಮ್ಮ ಚಿಕ್ಕವ್ವನ ತಾವ ಇದೀವಿ. ಊದಿನಕಡ್ಡಿ ಹೊಸೆಯೋ ಕೆಲಸಕ್ಕೆ ಸೇರಿದೀನಿ. ಕೈ ವಾಸಿ ಆಯ್ತು. ನೀಲಿ ಸೀರೇನ ಹರಿದು ಮಗೀಗೆ ಲಂಗ ಹೊಲಿಸಿದೀನಿ. ಅದಕ್ಕೆ ನೀಲಿ ಒಪ್ಪುತ್ತೆ.

ನೀವು ಬಸ್ಸಿನ ತಾವ ಹೇಳಿದ ಮಾತು ನೆಪ್ಪಿಟ್ಕಂಡು ಬಂದಿದ್ದೆ. ಮಗೀನ ಗುಡಿ ತಾವ ಹೂವಿನವಳ ಹತ್ರ ಕೂರಿಸಿ ಬಂದಿದ್ದೆ. ಬಾಗಿಲ ಮೇಲೆ ನಾಳೆ ಬಾ ಅಂತ ಇತ್ತು. ಮಾರ್ನೇ ದಿನ ಬಂದೆ. ಅದೇ ಇತ್ತು. ರುದ್ರಮ್ಮ ಬರೆಸಿದ್ರೆ ದೆವ್ವಕ್ಕೆ ಅಂದ್ಕೋತಿದ್ದೆ, ನಮ್ಮೂರಲ್ಲೂ ಬರೀತಾರೆ. ಇದು ನಿಮ್ಮ ಅಕ್ಷರ. ನಾನು ಅದ್ರಲ್ಲೇ ಕಲಿತಿದ್ದು, ಗೊತ್ತಾಗಾಕಿಲ್ವಾ. ನಿಮಗೆ ದೆವ್ವ ಗಿವ್ವ ನಂಬಿಕೆ ಇಲ್ಲ. ಅದಕ್ಕೆ ನನಗೇ ಬರ್ದಿರೋದು ಅಂತ ತಿಳ್ಕಂಡೆ.

ಒಳಗೆ ನೀವು ಪಾಠ ಹೇಳ್ತಿದ್ದಿದ್ದು ಕೇಳ್ತಿತ್ತು. ಯಾರ ಮೇಲೂ ಸಿಟ್ಟಿಲ್ಲ. ನಾನು ಎರಡು ದಿನಾನೂ ಬಾಗಿಲು ತಟ್ಟಲಿಲ್ಲ ಅಮ್ಮೋರೆ. ಓದಾಕೆ ಬರ್ತದಲ್ಲ.

ಮಾರಮ್ಮ